ಬಾಡಿಗೆ ಕಾರಿನಲ್ಲಿ ಪುಟ್ಟ ಮಗು: ಕಾನೂನು ಏನು ಹೇಳುತ್ತದೆ, ಸೀಟು ಯಾವುದು, ಕಟ್ಟುವುದು ಹೇಗೆ

ಬೇಸಿಗೆ ರಜೆ ಹತ್ತಿರ ಬಂದರೆ, ಇಲ್ಲಾ ಬಾಣಂತನ ಮುಗಿಸಿ ಮಗಳನ್ನೂ ಮೊಮ್ಮಗುವನ್ನೂ ಗಂಡನ ಮನೆಗೆ ಕಳಿಸುವ ದಿನ ಬಂದರೆ, ಗೊತ್ತಿರುವವರಿಂದ ನನಗೆ ಒಂದೇ ಪ್ರಶ್ನೆ ಬರುತ್ತದೆ. "ದಾವಣಗೆರೆಯಿಂದ ಬೆಂಗಳೂರಿಗೆ ಬಾಡಿಗೆ ಕಾರು ಮಾಡಿದ್ದೇವೆ, ಮಗುವಿಗೆ ಕಾರ್ ಸೀಟು ಬೇಕೇ ಬೇಕಾ? ಟ್ಯಾಕ್ಸಿಯವರೇ ಕೊಡ್ತಾರಾ? ತೊಡೆ ಮೇಲೆ ಕೂರಿಸಿಕೊಂಡರೆ ಆಗಲ್ವಾ?" ಒಬ್ಬೊಬ್ಬರಿಗೆ ಫೋನಿನಲ್ಲಿ ಹೇಳುವಾಗ ಅರ್ಧ ಮರೆತುಹೋಗುತ್ತದೆ. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಮೊದಲು ಚಿಕ್ಕ ಉತ್ತರ. ಹೌದು, ಬೇಕು. ಟ್ಯಾಕ್ಸಿಯವರು ಕೊಡುತ್ತಾರೆ ಅಂತ ನಂಬಿಕೊಳ್ಳಬೇಡಿ, ನೀವೇ ಒಯ್ಯಬೇಕು. ತೊಡೆ ಮೇಲೆ ಮಾತ್ರ ಬೇಡವೇ ಬೇಡ.

ತೊಡೆ ಯಾಕೆ ಬೇಡ ಅನ್ನುವುದಕ್ಕೆ ಒಂದು ಲೆಕ್ಕ ನೋಡಿ. ಕಾರು ಗಂಟೆಗೆ 50 ಕಿ.ಮೀ. ವೇಗದಲ್ಲಿದೆ ಅಂದರೆ ಸೆಕೆಂಡಿಗೆ ಸುಮಾರು 14 ಮೀಟರ್ ಓಡುತ್ತಿದೆ. ಏನಕ್ಕೋ ಗುದ್ದಿ ಅದು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತರೆ, ಆ ಹೊತ್ತಿನಲ್ಲಿ 10 ಕೆ.ಜಿ. ಮಗುವನ್ನು ಹಿಡಿದಿಡಲು ಸುಮಾರು 140 ಕೆ.ಜಿ. ಭಾರ ಎತ್ತುವಷ್ಟು ಬಲ ಬೇಕು. ಯಾವ ತಾಯಿಯ ಕೈಗೂ ಅದು ಆಗದು. ಎಷ್ಟೇ ಗಟ್ಟಿಯಾಗಿ ಅಪ್ಪಿಕೊಂಡಿದ್ದರೂ ಮಗು ಕೈ ಜಾರಿ ಮುಂದಿನ ಸೀಟಿಗೆ ಬಡಿಯುತ್ತದೆ. ಇದು 50ರ ಮಾತು. ನಮ್ಮ ಚಿತ್ರದುರ್ಗ-ಹಿರಿಯೂರು ಹೆದ್ದಾರಿಯಲ್ಲಿ ಯಾರೂ 50ರಲ್ಲಿ ಹೋಗುವುದಿಲ್ಲ, ಅಲ್ವಾ?

ಕಾನೂನು ಏನು ಹೇಳುತ್ತದೆ

2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ಬಂತು. ಅದರಲ್ಲಿ 194-ಬಿ ಅಂತ ಹೊಸ ಕಲಂ ಸೇರಿತು, ಆ ವರ್ಷದ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿದೆ. ಅದರ ಎರಡನೇ ಭಾಗ ಮಕ್ಕಳದ್ದು. 14 ವರ್ಷ ತುಂಬದ ಮಗುವನ್ನು ಸೀಟ್ ಬೆಲ್ಟಿನಿಂದಾಗಲಿ ಚೈಲ್ಡ್ ರಿಸ್ಟ್ರೈಂಟ್ ಸಿಸ್ಟಂನಿಂದಾಗಲಿ ಭದ್ರಪಡಿಸದೆ ಗಾಡಿ ಓಡಿಸಿದರೆ 1000 ರೂಪಾಯಿ ದಂಡ. ಚೈಲ್ಡ್ ರಿಸ್ಟ್ರೈಂಟ್ ಸಿಸ್ಟಂ ಅಂದರೆ ಮಗುವಿನ ಅಳತೆಗೆ ಮಾಡಿದ ಸೀಟು, ಬೂಸ್ಟರು ಎಲ್ಲ ಸೇರಿದ ಹೆಸರು. ನಾವು ಸುಮ್ನೆ ಕಾರ್ ಸೀಟು ಅನ್ನುತ್ತೇವೆ.

ಇಲ್ಲಿ ಮೂರು ವಿಷಯ ಗಮನಿಸಿ. ಒಂದು, ದಂಡ ಬೀಳುವುದು ಗಾಡಿ ಓಡಿಸುವವರಿಗೆ ಮತ್ತು ಹಾಗೆ ಓಡಿಸಲು ಬಿಟ್ಟವರಿಗೆ. ಟ್ಯಾಕ್ಸಿಯಲ್ಲಿ ಅಂದರೆ ಮೊದಲು ಸಿಕ್ಕಿಬೀಳುವವರು ಡ್ರೈವರ್. ಎರಡು, ಮಕ್ಕಳ ಈ ಭಾಗದಲ್ಲಿ ಹಳದಿ ಬೋರ್ಡಿನ ಗಾಡಿಗೆ ರಿಯಾಯಿತಿ ಅಂತ ಎಲ್ಲೂ ಬರೆದಿಲ್ಲ. ಕೆಲವು ಬಗೆಯ ಸಾರಿಗೆ ವಾಹನಗಳನ್ನು ಹೊರಗಿಡುವ ಅಧಿಕಾರ ರಾಜ್ಯ ಸರ್ಕಾರಕ್ಕೆ ಇದೆ, ಆದರೆ ಆ ಮಾತು ದೊಡ್ಡವರ ಬೆಲ್ಟಿನ ಮೊದಲ ಭಾಗದಲ್ಲಿದೆ. ಮೂರು, ಮಗುವಿಗೆ ಬೆಲ್ಟ್ ಅಥವಾ ಸೀಟು ಎರಡರಲ್ಲಿ ಒಂದಿದ್ದರೆ ಕಾನೂನಿನ ಮಟ್ಟಿಗೆ ಸಾಕು. ಆದರೆ ಎರಡು ವರ್ಷದ ಮಗುವಿಗೆ ದೊಡ್ಡವರ ಬೆಲ್ಟ್ ಕಟ್ಟಿದರೆ ಅದು ಹೊಟ್ಟೆಯ ಮೇಲೂ ಕುತ್ತಿಗೆಯ ಮೇಲೂ ಬರುತ್ತದೆ, ಗುದ್ದಿದಾಗ ಅದೇ ಬೆಲ್ಟ್ ಗಾಯ ಮಾಡುತ್ತದೆ. ದಂಡ ತಪ್ಪಿಸಲು ಆ ಬೆಲ್ಟ್ ಸಾಕು. ಮಗು ಉಳಿಯಲು ಸಾಲದು.

ಬೇರೆ ದೇಶಗಳಲ್ಲಿ ಟ್ಯಾಕ್ಸಿಗೆ ವಿನಾಯಿತಿ ಇದೆಯಂತಲ್ಲ ಅಂತ ಕೇಳುವವರಿದ್ದಾರೆ. ನಿಜ. ಬ್ರಿಟನ್ನಿನಲ್ಲಿ ಟ್ಯಾಕ್ಸಿಯಲ್ಲಿ ಸರಿಯಾದ ಸೀಟು ಇಲ್ಲದಿದ್ದರೆ ಮೂರು ವರ್ಷದೊಳಗಿನ ಮಗು ಹಿಂದಿನ ಸೀಟಿನಲ್ಲಿ ಹಾಗೇ ಹೋಗಬಹುದು. ಆದರೆ ಅದು ಬಾಡಿಗೆಗಾಡಿಯವರಿಗೆ ತೊಂದರೆ ಆಗದಿರಲಿ ಅಂತ ಕೊಟ್ಟ ಸಡಿಲಿಕೆ, ಮಗುವಿಗೆ ಅಪಾಯ ಕಡಿಮೆ ಅಂತ ಅಲ್ಲ. ಅದನ್ನು ಇಲ್ಲಿ ನೆಪ ಮಾಡಿಕೊಳ್ಳಬೇಡಿ.

ಇನ್ನು ಹಂತ ಹಂತವಾಗಿ ನೋಡೋಣ.

1. ಮಗುವನ್ನು ತೂಗಿ, ಅಳೆದು, ಆಮೇಲೆ ಸೀಟು ಆರಿಸಿ

ವಯಸ್ಸು ನೋಡಿ ಸೀಟು ಕೊಳ್ಳುವುದು ಎಲ್ಲರೂ ಮಾಡುವ ತಪ್ಪು. ತೂಕ ಮತ್ತು ಎತ್ತರ ಮುಖ್ಯ. ಲಸಿಕೆಗೆ ಹೋದಾಗ ತಾಯಿ ಕಾರ್ಡಿನಲ್ಲಿ ಬರೆದಿರುತ್ತಾರೆ, ಇಲ್ಲವಾದರೆ ಮನೆಯ ಗೋಡೆಗೆ ನಿಲ್ಲಿಸಿ ಅಳೆಯಿರಿ.

ಹುಟ್ಟಿದಾಗಿನಿಂದ ಕಡಿಮೆ ಎಂದರೂ 15 ತಿಂಗಳವರೆಗೆ ಮಗು ಹಿಮ್ಮುಖವಾಗಿ ಕೂರಬೇಕು. ಅಂದರೆ ಮಗುವಿನ ಮುಖ ಕಾರಿನ ಹಿಂಬದಿಗೆ ಇರಬೇಕು. ಇದಕ್ಕೆ ರಿಯರ್ ಫೇಸಿಂಗ್ ಅನ್ನುತ್ತಾರೆ. ನಮ್ಮ ಮನೆಗಳಲ್ಲಿ ಇದಕ್ಕೆ ಬಹಳ ವಿರೋಧ ಬರುತ್ತದೆ. "ಪಾಪ, ಕೂಸಿಗೆ ಏನೂ ಕಾಣಿಸಲ್ಲ, ಕಾಲು ಮಡಚಿಕೊಂಡಿರುತ್ತೆ" ಅಂತ ಅಜ್ಜಿಯರು ಬೇಸರ ಮಾಡಿಕೊಳ್ಳುತ್ತಾರೆ. ಅವರಿಗೆ ಹೀಗೆ ಹೇಳಿ. ಹುಟ್ಟಿದ ಕೂಸಿನ ತಲೆ ಅದರ ಉದ್ದದ ನಾಲ್ಕನೇ ಒಂದು ಭಾಗ ಇರುತ್ತದೆ, ಕುತ್ತಿಗೆ ಇನ್ನೂ ಎಳೆಯದು. ಕಾರು ಗಕ್ಕನೆ ನಿಂತಾಗ ಮುಂದಕ್ಕೆ ಮುಖ ಮಾಡಿದ ಕೂಸಿನ ತಲೆ ಮುಂದಕ್ಕೆ ಎಸೆದಂತೆ ಹೋಗುತ್ತದೆ, ಆ ಭಾರವನ್ನೆಲ್ಲ ಕುತ್ತಿಗೆ ಒಂದೇ ಹೊರಬೇಕು. ಹಿಮ್ಮುಖ ಕೂತಿದ್ದರೆ ತಲೆ, ಬೆನ್ನು, ಕುತ್ತಿಗೆ ಮೂರೂ ಸೀಟಿನ ಬೆನ್ನಿಗೆ ಒರಗುತ್ತವೆ, ಏಟು ಹಂಚಿಹೋಗುತ್ತದೆ. ಕಾಲು ಮಡಚಿದ್ದರಿಂದ ಮಕ್ಕಳಿಗೆ ನೋವಾಗುವುದಿಲ್ಲ, ಅವು ಮನೆಯಲ್ಲೂ ಹಾಗೇ ಕೂರುತ್ತವೆ. ನಿಮ್ಮ ಸೀಟಿನ ಮಿತಿ ಒಪ್ಪುವುದಾದರೆ ಎರಡು ವರ್ಷ ದಾಟುವವರೆಗೂ ಹಿಮ್ಮುಖವೇ ಇರಲಿ.

ಆಮೇಲೆ ಮುಮ್ಮುಖದ ಸೀಟು, ಹಾರ್ನೆಸ್ ಇರುವಂಥದ್ದು. ಹಾರ್ನೆಸ್ ಅಂದರೆ ಎರಡು ಭುಜ, ಎರಡು ಸೊಂಟ, ಕಾಲಿನ ನಡುವೆ ಒಂದು, ಹೀಗೆ ಐದು ಕಡೆಯಿಂದ ಹಿಡಿಯುವ ಒಳಪಟ್ಟಿ. ಸಾಮಾನ್ಯವಾಗಿ 18 ಕೆ.ಜಿ.ವರೆಗೆ ನಡೆಯುತ್ತದೆ. 0-18 ಕೆ.ಜಿ. ಅಂತ ಬರೆದ ಸೀಟುಗಳು ಎರಡೂ ಕಡೆ ತಿರುಗಿಸಿ ಬಳಸುವಂಥವು, ಒಂದೇ ಸೀಟು ಕೊಳ್ಳುವವರಿಗೆ ಅದು ಒಳ್ಳೆಯ ಆಯ್ಕೆ.

ಸುಮಾರು ನಾಲ್ಕು ವರ್ಷದ ಮೇಲೆ, ಹಾರ್ನೆಸ್ಸಿನ ಮಿತಿ ದಾಟಿದ ಮಗುವಿಗೆ ಬೂಸ್ಟರ್. ಇದು ಮಗುವನ್ನು ಸ್ವಲ್ಪ ಎತ್ತರಿಸುವ ಪೀಠ ಅಷ್ಟೇ, ಕಾರಿನ ಬೆಲ್ಟೇ ಮಗುವನ್ನು ಹಿಡಿಯುತ್ತದೆ. ಎತ್ತರಿಸಿದ್ದರಿಂದ ಬೆಲ್ಟ್ ಸರಿಯಾದ ಜಾಗಕ್ಕೆ, ಅಂದರೆ ಸೊಂಟದ ಎಲುಬು ಮತ್ತು ಭುಜದ ನಡುವಿಗೆ ಬರುತ್ತದೆ. ಬೆನ್ನಿರುವ ಬೂಸ್ಟರ್ ಮೇಲು, ಮಗು ನಿದ್ದೆ ಹೋದಾಗ ತಲೆಗೆ ಆಸರೆ ಇರುತ್ತದೆ. ಬೆನ್ನಿಲ್ಲದ್ದು ಒಂದೆರಡು ಕೆ.ಜಿ. ಮಾತ್ರ, ಚೀಲದಲ್ಲಿ ಹಾಕಿಕೊಂಡು ಹೋಗಬಹುದು. ಆದರೆ ಅದು ಸ್ವಲ್ಪ ದೊಡ್ಡ ಮಕ್ಕಳಿಗೆ, 125 ಸೆಂ.ಮೀ. ಎತ್ತರ, 22 ಕೆ.ಜಿ. ತೂಕ ದಾಟಿದವರಿಗೆ ಇರಲಿ. ಮಗು 145-150 ಸೆಂ.ಮೀ. ಆಗುವವರೆಗೆ ಬೂಸ್ಟರ್ ಬಿಡಿಸಬೇಡಿ. ಅದು ಬಹುತೇಕ ಮಕ್ಕಳಿಗೆ ಹತ್ತರಿಂದ ಹನ್ನೆರಡು ವರ್ಷದ ಹೊತ್ತಿಗೆ.

ಕೊಳ್ಳುವಾಗ ಚೀಟಿ ನೋಡಿ. ಭಾರತದ ಮಾನದಂಡದ ಹೆಸರು ಎಐಎಸ್-072. ಯುರೋಪಿನ ಮಾನದಂಡ ಆದರೆ ಕಿತ್ತಳೆ ಬಣ್ಣದ ಚೀಟಿಯಲ್ಲಿ ದುಂಡಗಿನ ಗೆರೆಯೊಳಗೆ 'ಇ' ಅಕ್ಷರ, ಜೊತೆಗೆ ಆರ್44 ಅಥವಾ ಆರ್129 ಅಂತ ಇರುತ್ತದೆ. ಈ ಯಾವುದೂ ಇಲ್ಲದಿದ್ದರೆ ಎಷ್ಟೇ ಮೆತ್ತಗಿದ್ದರೂ ಅದು ಬರೀ ಕುರ್ಚಿ. ಆನ್‌ಲೈನಿನಲ್ಲಿ ಕಡಿಮೆ ಬೆಲೆಗೆ ಬಟ್ಟೆ ಮೆತ್ತೆಗೆ ಎರಡು ಪಟ್ಟಿ ಹೊಲಿದು ಕಾರ್ ಸೀಟು ಅಂತ ಮಾರುತ್ತಾರೆ, ಅದಕ್ಕೆ ದುಡ್ಡು ಹಾಕಬೇಡಿ. ತೊಟ್ಟಿಲಿನ ಹಾಗೆ ತೂಗುವ, ಹಿಡಿಕೆಯಲ್ಲಿ ಎತ್ತಿಕೊಳ್ಳುವ ಬುಟ್ಟಿಗಳಲ್ಲೂ ಎರಡು ಬಗೆ ಇವೆ. ಕಾರಿನ ಬೆಲ್ಟ್ ಹಾಯಿಸಲು ದಾರಿ ಇದ್ದು ಚೀಟಿಯೂ ಇದ್ದರೆ ಮಾತ್ರ ಅದು ಕಾರಿಗೆ ಆಗುತ್ತದೆ.

ಅಕ್ಕನ ಮಗುವಿನದು, ಓಣಿಯವರದು ಅಂತ ಹಳೇ ಸೀಟು ತರುವುದು ತಪ್ಪೇನಲ್ಲ. ಆದರೆ ಅದು ಅಪಘಾತದಲ್ಲಿದ್ದ ಕಾರಿನದಲ್ಲ ಅಂತ ಖಾತ್ರಿ ಇರಬೇಕು, ತಯಾರಾದ ದಿನಾಂಕ ಮತ್ತು ಬಳಕೆಯ ಅವಧಿ ನೋಡಬೇಕು, ಪಟ್ಟಿ-ಬಕಲ್ ಎಲ್ಲ ಇರಬೇಕು. ಪರಿಚಯವಿಲ್ಲದವರಿಂದ ಕೊಳ್ಳಬೇಡಿ.

2. ಕಾರು ಮಾತಾಡುವಾಗಲೇ ಬೆಲ್ಟಿನ ಬಗ್ಗೆ ಕೇಳಿ

ಇಡೀ ಲೇಖನದಲ್ಲಿ ಒಂದೇ ಹಂತ ಓದುತ್ತೀರಿ ಅಂದರೆ ಇದನ್ನು ಓದಿ. ಬೆಳಗಿನ ಜಾವ ಐದಕ್ಕೆ ಕಾರು ಮನೆ ಮುಂದೆ ಬಂದು ನಿಂತ ಮೇಲೆ ಹಿಂದಿನ ಸೀಟಿಗೆ ಬೆಲ್ಟ್ ಸಿಗದಿದ್ದರೆ ನೀವು ವಾಪಸ್ ಕಳಿಸುವುದಿಲ್ಲ. ಯಾರೂ ಕಳಿಸುವುದಿಲ್ಲ. ಮದುವೆ ಮುಹೂರ್ತ ಇರುತ್ತದೆ, ವಿಮಾನ ಇರುತ್ತದೆ, ಹಿರಿಯರು ಆಗಲೇ ಕೂತಿರುತ್ತಾರೆ. ಅದಕ್ಕೇ ಹಿಂದಿನ ದಿನವೇ ಫೋನಿನಲ್ಲಿ ಕೇಳಿ.

ಕೇಳಬೇಕಾದದ್ದು ಇಷ್ಟು. ಹಿಂದಿನ ಸೀಟಿನ ಎರಡೂ ಬದಿ ಬೆಲ್ಟ್ ಕೆಲಸ ಮಾಡುತ್ತದಾ? ಬಕಲ್, ಅಂದರೆ ಬೆಲ್ಟ್ ಸಿಕ್ಕಿಸುವ ಗೂಡು, ಸೀಟ್ ಕವರಿನ ಅಡಿ ಹೂತುಹೋಗಿದೆಯಾ? ಬೆಲ್ಟ್ ಸೊಂಟಕ್ಕೆ ಮಾತ್ರವಾ, ಭುಜಕ್ಕೂ ಬರುತ್ತದಾ? ಸೊಂಟ ಮತ್ತು ಭುಜ ಎರಡಕ್ಕೂ ಬರುವುದಕ್ಕೆ ತ್ರೀ ಪಾಯಿಂಟ್ ಬೆಲ್ಟ್ ಅನ್ನುತ್ತಾರೆ, ಬಹುತೇಕ ಸೀಟುಗಳಿಗೂ ಎಲ್ಲ ಬೂಸ್ಟರುಗಳಿಗೂ ಅದೇ ಬೇಕು. ಕೊನೆಗೆ, "ನಮ್ಮದೇ ಮಕ್ಕಳ ಸೀಟು ಇದೆ, ಕಟ್ಟಲು ಹತ್ತು ನಿಮಿಷ ಬೇಕು" ಅಂತ ಮೊದಲೇ ಹೇಳಿಬಿಡಿ.

ಸೀಟ್ ಕವರಿನ ಮಾತು ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ನಮ್ಮ ಕಡೆ ಬಾಡಿಗೆ ಕಾರುಗಳಲ್ಲಿ ಇದೇ ದೊಡ್ಡ ತೊಡಕು. ಹೊಸ ಕಾರಿಗೆ ರೆಕ್ಸಿನ್ ಕವರ್ ಹಾಕಿಸುವಾಗ ಹಿಂದಿನ ಬಕಲುಗಳನ್ನು ಒಳಗೆ ಸೇರಿಸಿ ಹೊಲಿದುಬಿಡುತ್ತಾರೆ. ಒಮ್ಮೆ ನಾವು ಹೊರಡುವ ಹೊತ್ತಿಗೆ ಡ್ರೈವರೂ ನಾನೂ ಟಾರ್ಚ್ ಹಿಡಿದು ಅರ್ಧ ಗಂಟೆ ಹುಡುಕಿದ್ದೆವು, ಕೊನೆಗೆ ಕವರಿನ ಕೊಕ್ಕೆ ಬಿಚ್ಚಿ ಕೈ ಹಾಕಿದ ಮೇಲೆ ಸಿಕ್ಕಿತು. ಡ್ರೈವರಿಗೆ ಹಿಂದಿನ ದಿನವೇ ಗೊತ್ತಿದ್ದರೆ ಅವರೇ ಬಿಡುವಿನಲ್ಲಿ ತೆಗೆದಿಡುತ್ತಾರೆ.

ಗಾಡಿ ಯಾವುದು ಅನ್ನುವುದೂ ಮುಖ್ಯ. ಡಿಜೈರ್, ಎರ್ಟಿಗಾ, ಇನ್ನೋವಾ ಕ್ರಿಸ್ಟಾದಂಥವುಗಳಲ್ಲಿ ಸೀಟು ಕಟ್ಟುವುದು ಸುಲಭ. ಹಳೇ ಜೀಪಿನ ಮಾದರಿಯ ಗಾಡಿಗಳಲ್ಲಿ ಹಿಂದೆ ಎದುರುಬದುರು ಕೂರುವ ಅಡ್ಡ ಸೀಟು ಇರುತ್ತದಲ್ಲ, ಅದರ ಮೇಲೆ ಮಕ್ಕಳ ಸೀಟು ಯಾವತ್ತೂ ಕಟ್ಟಬಾರದು. ಆಟೋದಲ್ಲಿ ಬೆಲ್ಟೇ ಇಲ್ಲ, ಅಲ್ಲಿ ಕಾರ್ ಸೀಟು ಇಟ್ಟುಕೊಂಡು ಪ್ರಯೋಜನವಿಲ್ಲ.

ತಲೆ ಲೆಕ್ಕ ಹಾಕುವಾಗ ಮಗುವನ್ನೂ ಒಂದು ತಲೆ ಅಂತ ಹಿಡಿಯಿರಿ. ಐದು ಜನ ದೊಡ್ಡವರು ಮತ್ತು ಒಂದು ಕೂಸು ಡಿಜೈರಿನಲ್ಲಿ ಹಿಡಿಯುವುದಿಲ್ಲ. ಡ್ರೈವರ್ ಬಿಟ್ಟು ಮೂವರು ದೊಡ್ಡವರು, ಒಂದು ಕೂಸು, ಅಷ್ಟೇ. ಅದಕ್ಕಿಂತ ಜಾಸ್ತಿ ಇದ್ದರೆ ಎರ್ಟಿಗಾ ಹೇಳಿ. ಕಿಲೋಮೀಟರಿಗೆ ಎರಡು-ಮೂರು ರೂಪಾಯಿ ಜಾಸ್ತಿ ಆದರೂ ಪರವಾಗಿಲ್ಲ.

3. ಹೊರಡುವ ಮೊದಲು ಒಮ್ಮೆ ಕಟ್ಟಿ ನೋಡಿ

ಸೀಟಿನ ಜೊತೆ ಬಂದ ಪುಸ್ತಕ ತೆಗೆದು, ಅಕ್ಕಪಕ್ಕದವರ ಕಾರು ಕೇಳಿಯಾದರೂ ಎರಡು ಸಲ ಕಟ್ಟಿ ಬಿಚ್ಚಿ. ಮೊದಲ ಸಲ ನಲವತ್ತು ನಿಮಿಷ ಹಿಡಿಯಬಹುದು. ಎರಡನೇ ಸಲ ಹತ್ತು. ಕಟ್ಟಿದ್ದನ್ನು ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ, ಬೆಳಗಿನ ಜಾವದ ಕತ್ತಲಲ್ಲಿ ಅದು ಬಹಳ ನೆರವಾಗುತ್ತದೆ.

4. ಕಾರು ಬಂದ ಮೇಲೆ ಜಾಗ ಆರಿಸಿ

ಹಿಂದಿನ ಸೀಟು. ಇದರಲ್ಲಿ ಚರ್ಚೆಯಿಲ್ಲ. ಮುಂದಿನ ಸೀಟಿನಲ್ಲಿ ಏರ್‌ಬ್ಯಾಗ್ ಇರುತ್ತದೆ, ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಸಿಡಿದು ಉಬ್ಬುತ್ತದೆ. ಹಿಮ್ಮುಖ ಸೀಟನ್ನು ಅದರ ಎದುರು ಇಟ್ಟರೆ ಸೀಟಿನ ಬೆನ್ನಿಗೆ, ಅಂದರೆ ನೇರ ಮಗುವಿನ ತಲೆಯ ಹಿಂದಕ್ಕೆ ಬಡಿಯುತ್ತದೆ. 2022ರ ಜನವರಿಯಿಂದ ತಯಾರಾಗುವ ಕಾರುಗಳಲ್ಲಿ ಮುಂದಿನ ಪ್ರಯಾಣಿಕರಿಗೂ ಏರ್‌ಬ್ಯಾಗ್ ಕಡ್ಡಾಯ, ಹಾಗಾಗಿ ಈಗಿನ ಟ್ಯಾಕ್ಸಿಗಳಲ್ಲಿ ಅದು ಇದ್ದೇ ಇದೆ ಅಂದುಕೊಳ್ಳಿ. ದೊಡ್ಡ ಮಕ್ಕಳೂ 13 ವರ್ಷದವರೆಗೆ ಹಿಂದೆಯೇ ಕೂರಲಿ.

ಹಿಂದೆ ಎಡಬದಿ ಅನುಕೂಲ. ನಮ್ಮ ರಸ್ತೆಯಲ್ಲಿ ಎಡಗಡೆ ಅಂಚಿಗೆ ಇಳಿಯುತ್ತೇವೆ, ಮಗುವನ್ನು ಇಳಿಸುವಾಗ ಲಾರಿಗಳ ಕಡೆ ಬೆನ್ನು ಹಾಕಿ ನಿಲ್ಲಬೇಕಾಗುವುದಿಲ್ಲ. ನಡುವಿನ ಸೀಟಿಗೆ ಭುಜದ ಬೆಲ್ಟ್ ಇದ್ದು ಸೀಟು ಅಲುಗಾಡದೆ ಕೂತರೆ ಅದೂ ಒಳ್ಳೆಯದೇ, ಆದರೆ ಅನೇಕ ಕಾರುಗಳಲ್ಲಿ ಅಲ್ಲಿ ಸೊಂಟದ ಪಟ್ಟಿ ಮಾತ್ರ.

5. ಸೀಟು ಕಟ್ಟುವುದು

ಕಟ್ಟಲು ಎರಡು ದಾರಿ. ಒಂದು ಐಸೋಫಿಕ್ಸ್. ಕಾರಿನ ಸೀಟಿನ ಬೆನ್ನು ಮತ್ತು ತಳ ಸೇರುವ ಸಂದಿಯಲ್ಲಿ ಕೈ ಹಾಕಿದರೆ ಎರಡು ಸಣ್ಣ ಕಬ್ಬಿಣದ ಕೊಂಡಿ ಸಿಗುತ್ತವೆ, ಮಕ್ಕಳ ಸೀಟಿನ ಹಿಂದಿರುವ ಎರಡು ತೋಳು ಅದಕ್ಕೆ ಕಟ್ ಅಂತ ಕಚ್ಚಿಕೊಳ್ಳುತ್ತವೆ. ಕಚ್ಚಿಕೊಂಡಾಗ ಸಾಮಾನ್ಯವಾಗಿ ಹಸಿರು ಗುರುತು ಕಾಣಿಸುತ್ತದೆ. ಜೊತೆಗೆ ಮೇಲಿಂದ ಒಂದು ಪಟ್ಟಿ ಇದ್ದರೆ ಅದನ್ನು ಸೀಟಿನ ಹಿಂದಿರುವ ಗುರುತಿನ ಕೊಂಡಿಗೇ ಹಾಕಬೇಕು. ಡಿಕ್ಕಿಯಲ್ಲಿ ಚೀಲ ನೇತುಹಾಕುವ ಕೊಕ್ಕೆಗೆ ಹಾಕುವವರಿದ್ದಾರೆ, ಅದು ಕಿತ್ತು ಬರುತ್ತದೆ. ಪಟ್ಟಿಯ ಬದಲು ನೆಲಕ್ಕೆ ಊರುವ ಕಾಲು ಇದ್ದರೆ ಅದು ಗಟ್ಟಿ ನೆಲಕ್ಕೆ ತಾಗಿರಬೇಕು, ದಪ್ಪ ಮ್ಯಾಟಿನ ಮೇಲಲ್ಲ.

ಇನ್ನೊಂದು ದಾರಿ ಕಾರಿನ ಬೆಲ್ಟು. ಟ್ಯಾಕ್ಸಿಗೆ ಹೋಗುವವರು ಇದನ್ನೇ ಚೆನ್ನಾಗಿ ಕಲಿತಿರಬೇಕು, ಏಕೆಂದರೆ ಯಾವ ಕಾರು ಬರುತ್ತದೋ ಗೊತ್ತಿಲ್ಲ. ಸೀಟಿನ ಬದಿಯಲ್ಲಿ ಬೆಲ್ಟ್ ಹಾಯಿಸುವ ದಾರಿಗೆ ಬಣ್ಣದ ಗುರುತು ಇರುತ್ತದೆ. ಹಿಮ್ಮುಖಕ್ಕೆ ನೀಲಿ, ಮುಮ್ಮುಖಕ್ಕೆ ಕೆಂಪು. ಬೆಲ್ಟ್ ಪೂರ್ತಿ ಎಳೆದು, ತಿರುಚದ ಹಾಗೆ ಹಾಯಿಸಿ, ಸಿಕ್ಕಿಸಿ. ಆಮೇಲೆ ಸೀಟಿನ ಮೇಲೆ ಮೊಣಕಾಲು ಊರಿ ನಿಮ್ಮ ಭಾರ ಹಾಕಿ. ಮೊದಲು ಸೊಂಟದ ಭಾಗದ ಬೆಲ್ಟ್ ಬಿಗಿಯಿರಿ, ನಂತರ ಭುಜದ ಭಾಗ. ನಮ್ಮ ಕಾರುಗಳ ಬೆಲ್ಟ್ ನಿಧಾನವಾಗಿ ಎಳೆದರೆ ಬರುತ್ತಲೇ ಇರುತ್ತದೆ, ಜೋರಾಗಿ ಜಗ್ಗಿದಾಗ ಮಾತ್ರ ಹಿಡಿಯುತ್ತದೆ. ಹಾಗಾಗಿ ನೀವು ಬಿಗಿದದ್ದು ದಾರಿಯಲ್ಲಿ ಸಡಿಲವಾಗಬಹುದು. ಇದಕ್ಕೇ ಮಕ್ಕಳ ಸೀಟಿನಲ್ಲಿ ಬೆಲ್ಟನ್ನು ಕಚ್ಚಿ ಹಿಡಿಯುವ ಕ್ಲಿಪ್ ಇರುತ್ತದೆ, ಅದನ್ನು ಮರೆಯದೆ ಹಾಕಿ.

ಈಗ ಪರೀಕ್ಷೆ. ಬೆಲ್ಟ್ ಹಾದುಹೋಗುವ ಜಾಗದಲ್ಲಿ ಸೀಟನ್ನು ಹಿಡಿದು ಅಲ್ಲಾಡಿಸಿ. ಎಡಬಲಕ್ಕೂ ಮುಂದಕ್ಕೂ ಎರಡೂವರೆ ಸೆಂ.ಮೀ.ಗಿಂತ ಜಾಸ್ತಿ ಸರಿಯಬಾರದು. ಸರಿದರೆ ಬಿಚ್ಚಿ ಮತ್ತೆ ಕಟ್ಟಿ. ಹಿಮ್ಮುಖ ಸೀಟಿನ ತಲೆಭಾಗ ಸ್ವಲ್ಪ ತೂಗಿದರೆ ಹೆದರಬೇಡಿ, ಅದು ಸಹಜ.

ಇಲ್ಲಿ ಆಗುವ ತಪ್ಪುಗಳು ಕೆಲವಿವೆ. ಸೀಟಿನ ಅಡಿಗೆ ದಪ್ಪ ಕಂಬಳಿ, ದಿಂಬು ಹಾಕಬೇಡಿ, ಗುದ್ದಿದಾಗ ಅದು ಅದುಮಿಕೊಂಡು ಬೆಲ್ಟ್ ಸಡಿಲಾಗುತ್ತದೆ. ಡ್ರೈವರಿಗೆ ಸೀಟ್ ಕವರ್ ಹಾಳಾಗುವ ಚಿಂತೆ ಇದ್ದರೆ ತೆಳುವಾದ ಹಳೇ ಪಂಚೆ ಸಾಕು. ಹಿಮ್ಮುಖದ ಬುಟ್ಟಿ ಸೀಟಿಗೆ ಉದ್ದದ ಬೆಲ್ಟ್ ಬೇಕು, ಕೆಲವು ಕಾರುಗಳಲ್ಲಿ ಅದು ಸಾಲುವುದಿಲ್ಲ. ಸಾಲದಿದ್ದರೆ ಹಗ್ಗ, ಸೀರೆ ಸೇರಿಸಿ ಕಟ್ಟುವ ಸಾಹಸ ಬೇಡ, ಇನ್ನೊಂದು ಬದಿಯಲ್ಲಿ ನೋಡಿ. ಬಕಲಿನಲ್ಲಿ ಆಗಲೇ ಏನೋ ಸಿಕ್ಕಿಸಿದ್ದರೆ ತೆಗೆಸಿ. ಬೆಲ್ಟ್ ಹಾಕದಿದ್ದರೂ ಬೀಪ್ ನಿಲ್ಲಲಿ ಅಂತ ಹಾಕುವ ಕ್ಲಿಪ್ ಅದು. ಇಂಥ ಕ್ಲಿಪ್‌ಗಳನ್ನು ಮಾರಾಟದಿಂದ ತೆಗೆಯುವಂತೆ 2023ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಆನ್‌ಲೈನ್ ಮಾರಾಟಗಾರರಿಗೆ ಆದೇಶ ಕೊಟ್ಟಿದೆ.

6. ಮಗುವನ್ನು ಕೂರಿಸುವುದು

ಸ್ವೆಟರ್, ಶಾಲು, ದಪ್ಪ ಟೋಪಿ ಎಲ್ಲ ತೆಗೆದು ಕೂರಿಸಿ. ಪಟ್ಟಿ ಹಾಕಿದ ಮೇಲೆ ಚಳಿಯಾದರೆ ಮೇಲಿಂದ ಹೊದಿಸಿ. ಬಟ್ಟೆಯ ಮೇಲೆ ಬಿಗಿದರೆ ಪಟ್ಟಿ ಬಿಗಿಯಾದಂತೆ ಕಾಣುತ್ತದೆ, ನಿಜವಾಗಿ ಸಡಿಲ ಇರುತ್ತದೆ. ಬಟ್ಟೆಯಲ್ಲಿ ಕೂಸನ್ನು ಸುತ್ತಿ ಸೀಟಿಗೆ ಇಟ್ಟರೆ ಕಾಲಿನ ನಡುವಿನ ಪಟ್ಟಿ ಹಾಕಲೇ ಆಗುವುದಿಲ್ಲ, ಅದಕ್ಕೇ ಕಾಲು ಬಿಡಿಯಾಗಿರುವ ತೆಳು ಬಟ್ಟೆ ಹಾಕಿ.

ಹಿಮ್ಮುಖ ಇದ್ದರೆ ಭುಜದ ಪಟ್ಟಿ ಮಗುವಿನ ಭುಜದ ಮಟ್ಟದಿಂದ ಅಥವಾ ಅದರ ತುಸು ಕೆಳಗಿನಿಂದ ಬರಬೇಕು. ಮುಮ್ಮುಖ ಇದ್ದರೆ ಭುಜದ ಮಟ್ಟದಿಂದ ಅಥವಾ ತುಸು ಮೇಲಿನಿಂದ. ಬಿಗಿದ ಮೇಲೆ ಭುಜದ ಹತ್ತಿರ ಪಟ್ಟಿಯನ್ನು ಎರಡು ಬೆರಳಲ್ಲಿ ಚಿವುಟಿ ನೋಡಿ. ಮಡಿಕೆ ಸಿಕ್ಕರೆ ಇನ್ನೂ ಬಿಗಿಯಬೇಕು. ಮಗು ಅಳುತ್ತದೆ ಅಂತ ಸಡಿಲ ಮಾಡಬೇಡಿ, ಬಿಗಿಯಿಂದ ನೋವಾಗುವುದಿಲ್ಲ, ಅಭ್ಯಾಸ ಇಲ್ಲದ್ದಕ್ಕೆ ಅಳುತ್ತದೆ ಅಷ್ಟೇ.

ಎಳೆಗೂಸಾದರೆ ಸೀಟು ಸಾಕಷ್ಟು ಹಿಂದಕ್ಕೆ ವಾಲಿರಬೇಕು. ನೆಟ್ಟಗೆ ಇದ್ದರೆ ನಿದ್ದೆಯಲ್ಲಿ ಗಲ್ಲ ಎದೆಗೆ ಬಿದ್ದು ಉಸಿರಾಟಕ್ಕೆ ತೊಂದರೆ ಆಗುತ್ತದೆ. ಅವಧಿಗೆ ಮೊದಲೇ ಹುಟ್ಟಿದ, ತೂಕ ಕಡಿಮೆ ಇರುವ ಕೂಸನ್ನು ದೂರ ಒಯ್ಯುವ ಮೊದಲು ಮಕ್ಕಳ ಡಾಕ್ಟರನ್ನು ಕೇಳಿಯೇ ಹೊರಡಿ.

ಬೂಸ್ಟರಿನ ಮಗುವಿಗೆ ಭುಜದ ಬೆಲ್ಟ್ ಕಂಕುಳಿನ ಕೆಳಗೆ ಅಥವಾ ಬೆನ್ನಿನ ಹಿಂದೆ ಹಾಕಬೇಡಿ. ಕುತ್ತಿಗೆಗೆ ಕೆರೆಯುತ್ತದೆ ಅಂತ ಮಕ್ಕಳೇ ಹಾಗೆ ಮಾಡಿಕೊಳ್ಳುತ್ತಾರೆ, ಆಗಾಗ ತಿರುಗಿ ನೋಡುತ್ತಿರಿ.

ಇನ್ನು ನೀವು. ದೊಡ್ಡವರು ಹಿಂದೆ ಕೂತಾಗ ಬೆಲ್ಟ್ ಹಾಕುವುದಿಲ್ಲ, ಇದು ನಮ್ಮೆಲ್ಲರ ಚಾಳಿ. ಉದ್ಯಮಿ ಸೈರಸ್ ಮಿಸ್ತ್ರಿ 2022ರ ಸೆಪ್ಟೆಂಬರಿನಲ್ಲಿ ತೀರಿಕೊಂಡಾಗ ಅವರು ಕೂತಿದ್ದೂ ಹಿಂದಿನ ಸೀಟಿನಲ್ಲೇ, ಬೆಲ್ಟ್ ಇಲ್ಲದೆ. ಮಗುವನ್ನು ಎಷ್ಟೇ ಸರಿಯಾಗಿ ಕಟ್ಟಿದ್ದರೂ ಪಕ್ಕದಲ್ಲಿ 70 ಕೆ.ಜಿ.ಯ ನೀವು ಬೆಲ್ಟ್ ಇಲ್ಲದೆ ಕೂತಿದ್ದರೆ, ಗುದ್ದಿದಾಗ ಮಗುವಿನ ಮೇಲೆ ಬೀಳುವವರು ನೀವೇ. ಸಾಮಾನಿಗೂ ಅದೇ ಲೆಕ್ಕ. ಕಾಲಬಳಿ ಇಟ್ಟ ಐದು ಲೀಟರ್ ನೀರಿನ ಕ್ಯಾನು 50 ಕಿ.ಮೀ. ವೇಗದ ಗುದ್ದಿನಲ್ಲಿ 70 ಕೆ.ಜಿ. ಬಲದಲ್ಲಿ ಹಾರುತ್ತದೆ. ಕುಕ್ಕರು, ಸ್ಟೀಲ್ ಡಬ್ಬಿ, ಕ್ಯಾನು ಎಲ್ಲ ಡಿಕ್ಕಿಗೆ ಹೋಗಲಿ. ಸಂಬಂಧಿಕರಿಗೆ ಒಯ್ಯುವ ಮಂಡಕ್ಕಿ ಚೀಲ ಬೇಕಾದರೆ ಒಳಗಿರಲಿ, ಅದು ಹಗುರ.

7. ದಾರಿಯಲ್ಲಿ

ಹಿಂದಿನ ಬಾಗಿಲಿನ ಚೈಲ್ಡ್ ಲಾಕ್ ಹಾಕಿಸಿ, ಬಾಗಿಲಿನ ಅಂಚಿನಲ್ಲಿ ಸಣ್ಣ ಗುಂಡಿ ಇರುತ್ತದೆ. ವೇಗದ ಬಗ್ಗೆ ಡ್ರೈವರಿಗೆ ಹೊರಡುವಾಗಲೇ ಹೇಳಿ, ಓವರ್‌ಟೇಕ್ ಮಾಡುವಾಗ ಕೂಗಿದರೆ ಅವರಿಗೂ ಗಾಬರಿ.

ಎಳೆಗೂಸು ಸೀಟಿನಲ್ಲಿ ಒಂದೇ ಸಮನೆ ಎರಡು ಗಂಟೆಗಿಂತ ಜಾಸ್ತಿ ಇರಬಾರದು. ದಾವಣಗೆರೆಯಿಂದ ಬೆಂಗಳೂರು ಸುಮಾರು 260 ಕಿ.ಮೀ. ಹಿರಿಯೂರಿನ ಆಸುಪಾಸಿನಲ್ಲಿ ಒಮ್ಮೆ, ಶಿರಾ ದಾಟಿ ತುಮಕೂರಿನ ಒಳಗೆ ಇನ್ನೊಮ್ಮೆ ನಿಲ್ಲಿಸಿ. ಚಿತ್ರದುರ್ಗದಿಂದ ಹೊರಡುವವರಿಗೆ ಶಿರಾದಲ್ಲಿ ಒಂದು ಸಾಕು. ಹಾಲು ಕುಡಿಸುವುದು, ಬಟ್ಟೆ ಬದಲಿಸುವುದು ಎಲ್ಲ ಗಾಡಿ ನಿಂತಾಗಲೇ. "ಅಳ್ತಾ ಇದೆ, ಐದು ನಿಮಿಷ ಎತ್ತಿಕೊಂಡು ಹಾಲು ಕೊಡ್ತೀನಿ, ನೀವು ಹೋಗ್ತಾ ಇರಿ" ಅನ್ನುವುದು ಬೇಡ. ಹೆಬ್ಬಾಳು, ಗುಯಿಲಾಳು ಟೋಲುಗಳ ಮುಂದೆ ಗಾಡಿಗಳು ಗಕ್ಕನೆ ವೇಗ ಇಳಿಸುತ್ತವೆ, ಅಂಥ ಕಡೆ ಮಗು ಕೈಯಲ್ಲಿದ್ದರೆ ಬಹಳ ಕಷ್ಟ.

ನಿಲ್ಲಿಸುವಾಗ ಹೆದ್ದಾರಿಯ ಅಂಚು ಬೇಡ. ಹೋಟೆಲಿನ ಅಂಗಳ, ಪೆಟ್ರೋಲ್ ಬಂಕ್ ನೋಡಿ. ಏಪ್ರಿಲ್-ಮೇನಲ್ಲಿ ನಮ್ಮ ಕಡೆಯ ಬಿಸಿಲಿಗೆ ನಿಂತ ಕಾರಿನೊಳಗೆ ಬಕಲಿನ ಲೋಹ ಮುಟ್ಟಲಾಗದಷ್ಟು ಕಾಯುತ್ತದೆ. ಇಳಿದು ಹೋಗುವಾಗ ಸೀಟಿನ ಮೇಲೆ ಬಿಳಿ ಟವೆಲ್ ಹಾಕಿ, ವಾಪಸ್ ಕೂರಿಸುವ ಮೊದಲು ಬಕಲನ್ನು ನಿಮ್ಮ ಕೈಯಿಂದ ಮುಟ್ಟಿ ನೋಡಿ. ಮಗು ಮಲಗಿದೆ ಅಂತ ನಿಂತ ಕಾರಿನಲ್ಲಿ ಬಿಟ್ಟು ಹೋಗಬೇಡಿ, ಒಂದು ಲೋಟ ಕಾಫಿಗೂ ಬೇಡ.

8. ಸೀಟು ಇಲ್ಲ, ಹೊರಡಲೇಬೇಕು ಅಂದರೆ

ಬೆಂಗಳೂರಿಗೋ ಹುಬ್ಬಳ್ಳಿಗೋ ಆದರೆ ಮೊದಲು ರೈಲು ನೋಡಿ. ಜನಶತಾಬ್ದಿ, ವಂದೇ ಭಾರತ್ ಎರಡೂ ದಾವಣಗೆರೆಯಲ್ಲಿ ನಿಲ್ಲುತ್ತವೆ. ಸೀಟಿಲ್ಲದೆ ನಾಲ್ಕೈದು ಗಂಟೆ ಹೆದ್ದಾರಿಯಲ್ಲಿ ಹೋಗುವುದಕ್ಕಿಂತ, ಸೀಟಿಲ್ಲದೆ ಮನೆಯಿಂದ ಸ್ಟೇಷನ್ನಿಗೆ ನಿಧಾನವಾಗಿ ಹೋಗುವುದು ಎಷ್ಟೋ ವಾಸಿ. ಬೆಂಗಳೂರಿಗೆ ಆಗಾಗ ಹೋಗುವವರು ಅಲ್ಲಿನ ನೆಂಟರ ಮನೆಯಲ್ಲಿ ಒಂದು ಸೀಟು ಇಟ್ಟಿರುವುದೂ ಒಂದು ದಾರಿ.

ಕಾರೇ ಗತಿ ಅಂದರೆ, ನಾಲ್ಕು ವರ್ಷ ದಾಟಿದ ಮಗುವನ್ನು ಹಿಂದೆ ಒಂದು ಪೂರ್ತಿ ಸೀಟಿನಲ್ಲಿ ಕೂರಿಸಿ ಬೆಲ್ಟ್ ಹಾಕಿ, ಸೊಂಟದ ಪಟ್ಟಿ ಹೊಟ್ಟೆಯ ಮೇಲಲ್ಲ, ತೊಡೆಯ ಬುಡಕ್ಕೆ ಬರಲಿ. ಅದಕ್ಕಿಂತ ಚಿಕ್ಕ ಕೂಸಾದರೆ ಒಳ್ಳೆಯ ಉಪಾಯ ಯಾವುದೂ ಇಲ್ಲ, ಇದನ್ನು ಮುಚ್ಚಿಟ್ಟು ಹೇಳಲಾರೆ. ಹಿಂದಿನ ಸೀಟಿನಲ್ಲಿ, ಬೆಲ್ಟ್ ಹಾಕಿಕೊಂಡ ದೊಡ್ಡವರ ಬಳಿ, ಕಡಿಮೆ ವೇಗ, ಹಗಲು ಹೊತ್ತು, ಹತ್ತಿರದ ದೂರ, ಇಷ್ಟಕ್ಕೆ ಮಾತ್ರ ಒಪ್ಪಿಕೊಳ್ಳಿ. ನಿಮ್ಮ ಬೆಲ್ಟಿನ ಒಳಗೆ ಮಗುವನ್ನೂ ಸೇರಿಸಿ ಕಟ್ಟಿಕೊಳ್ಳಬೇಡಿ, ಗುದ್ದಿದಾಗ ನಿಮ್ಮ ಮೈಭಾರ ಮತ್ತು ಬೆಲ್ಟಿನ ನಡುವೆ ಕೂಸು ಸಿಕ್ಕಿ ನಲುಗುತ್ತದೆ. ಎದೆಗೆ ಕಟ್ಟಿಕೊಳ್ಳುವ ಬೇಬಿ ಕ್ಯಾರಿಯರ್ ನಡೆಯುವಾಗಿನದು, ಕಾರಿನದಲ್ಲ. ಇಬ್ಬರು ಮಕ್ಕಳಿಗೆ ಒಂದೇ ಬೆಲ್ಟೂ ಬೇಡ.

ಬೈಕಿನ ಬಗ್ಗೆಯೂ ಕೇಳುತ್ತಾರೆ. ನಾಲ್ಕು ವರ್ಷದ ಒಳಗಿನ ಮಗುವಿಗೆ ಹೆಲ್ಮೆಟ್ ಮತ್ತು ಸವಾರರಿಗೆ ಜೋಡಿಸುವ ಹಾರ್ನೆಸ್ ಬೇಕು, 40 ಕಿ.ಮೀ. ವೇಗ ಮೀರಬಾರದು ಅಂತ 2022ರಲ್ಲಿ ಕೇಂದ್ರ ಸರ್ಕಾರ ನಿಯಮ ತಂದಿದೆ. ದೂರದ ಊರಿಗೆ ಮಾತ್ರ ಬೈಕು ಬೇಡ.

9. ಆಗಬಾರದ್ದು ಆದರೆ

ಹೆದ್ದಾರಿಯಲ್ಲಿ 1033, ಆಂಬುಲೆನ್ಸಿಗೆ 108, ಯಾವುದೇ ತುರ್ತಿಗೆ 112. ಮಗುವಿಗೆ ಉಸಿರಾಟ ಸರಿಯಿದ್ದು, ಕಾರಿಗೆ ಬೆಂಕಿಯ ಭಯ ಇಲ್ಲದಿದ್ದರೆ ಅವಸರದಲ್ಲಿ ಎಳೆದು ತೆಗೆಯಬೇಡಿ. ಕುತ್ತಿಗೆಗೆ ಪೆಟ್ಟಾಗಿರಬಹುದು, ಸೀಟಿನಲ್ಲೇ ಅಲುಗದಂತೆ ಹಿಡಿದಿಟ್ಟು ನೆರವಿಗೆ ಕಾಯುವುದು ಒಳ್ಳೆಯದು. ಹೊರಗೆ ಗಾಯ ಕಾಣದಿದ್ದರೂ ಆಸ್ಪತ್ರೆಗೆ ಹೋಗಿ ತೋರಿಸಿ. ಆ ಸೀಟನ್ನು ಮತ್ತೆ ಬಳಸಬೇಡಿ. ನೋಡಲು ಸರಿಯಿದ್ದರೂ ಒಳಗಿನ ಪ್ಲಾಸ್ಟಿಕ್ ಬಿರುಕು ಬಿಟ್ಟಿರಬಹುದು. ಪಟ್ಟಿಗಳನ್ನು ಕತ್ತರಿಯಿಂದ ಕತ್ತರಿಸಿ ಎಸೆಯಿರಿ, ಬೇರೆ ಯಾರೂ ಎತ್ತಿಕೊಂಡು ಹೋಗಿ ತಮ್ಮ ಮಗುವಿಗೆ ಹಾಕದ ಹಾಗೆ.